ಬೂದೆಮ್ಮನ ಎಡಗೈ ಪುಸ್ತಕಗಳು

ಬೂದೆಮ್ಮ ಮೊದಲ ದಿನ ನಮ್ಮಲ್ಲಿಗೆ ಬಂದಾಗ ತೂಕದ ಯಂತ್ರ ಹತ್ತಲು ಒಪ್ಪಲಿಲ್ಲ.

"ನನ್ನೇನು ಹತ್ತಿ ಚೀಲ ಮಾಡೀಯೇನೋ ಯಪ್ಪಾ, ತೂಗಾಕ?" ಎಂದು ಕೇಳಿದಳು.

ಪಕ್ಕದಲ್ಲಿ ನಿಂತಿದ್ದ ಮಗ ಹುಲಗಪ್ಪ ನಾಚಿಕೊಂಡು ತಲೆ ತಗ್ಗಿಸಿದ. ನನಗೆ ನಗು ಬಂತು. ಮೊದಲ ದಿನ ಬರುವವರು ಸಾಮಾನ್ಯವಾಗಿ ಅಳುತ್ತಾರೆ, ಇಲ್ಲವೇ ಬಾಯಿ ಬಿಡುವುದೇ ಇಲ್ಲ. ಆ ದಿನ ತಮಾಷೆ ಮಾಡಿದವರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ನನ್ನ ಹೆಸರು ನಾಗೇಶ, ಊರು ಯಾಪಲದಿನ್ನಿ. ಒಂಬತ್ತು ವರ್ಷದಿಂದ ರಾಯಚೂರಿನ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಟೆಕ್ನೀಷಿಯನ್ ಆಗಿದ್ದೇನೆ. ಕಿಡ್ನಿ ನಿಂತುಹೋದವರ ಒಂದು ಕೈಗೆ ಎರಡು ಸೂಜಿ ಚುಚ್ಚುತ್ತೇವೆ. ಒಂದರಿಂದ ರಕ್ತ ಹೊರಗೆ ಬಂದು, ಯಂತ್ರದಲ್ಲಿ ಸೋಸಿಕೊಂಡು, ಇನ್ನೊಂದರಿಂದ ಒಳಗೆ ಹೋಗುತ್ತದೆ. ವಾರಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕು ತಾಸು. ಸೂಜಿ ಚುಚ್ಚಿದ ಕೈಯನ್ನು ಅಲುಗಾಡಿಸುವಂತಿಲ್ಲ. ಜೊತೆಗೆ ಬಂದವರು ಗಾಜಿನ ಬಾಗಿಲಿನ ಆಚೆಯೇ ಕೂರಬೇಕು. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಇಷ್ಟನ್ನು ಹೊಸಬರಿಗೆ ಹೇಳುವುದು ನನ್ನ ಕೆಲಸ. ಬೂದೆಮ್ಮನಿಗೂ ಹೇಳಿದೆ. ಎಲ್ಲವನ್ನೂ ಕೇಳಿ, ಎರಡು ಲೋಟದ ಮಾತಿಗೆ ಮಾತ್ರ ಅವಳು ನನ್ನ ಮುಖವನ್ನು ತುಸು ಹೊತ್ತು ನೋಡಿದಳು.

ಅವಳದು ಮಾನ್ವಿ ತಾಲೂಕಿನ ಕುರ್ಡಿ. ಆಗ ಐವತ್ನಾಲ್ಕು ವರ್ಷ. ಹನ್ನೆರಡನೆಯ ವಯಸ್ಸಿನಿಂದ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚಿದವಳು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ಹೆಂಗಸರ ಗುಂಪು ಕಟ್ಟಿಕೊಂಡು, ಕಾಲುವೆ ನೀರು ಬಿಟ್ಟ ಕಡೆಯೆಲ್ಲ ಹೋಗಿ ಸಸಿ ಹಚ್ಚಿ ಬರುತ್ತಿದ್ದಳು. ವರ್ಷಗಟ್ಟಲೆ ಕೆಸರಿನಲ್ಲಿ ಬಾಗಿ ಬಾಗಿ ಮೊಣಕಾಲು ನೋಯತೊಡಗಿದಾಗ ಕಿರಾಣಿ ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆ ನುಂಗಿದಳು. ಬೆಳಿಗ್ಗೆ ಒಂದು, ಸಂಜೆ ಒಂದು, ಹನ್ನೊಂದು ವರ್ಷ. ಮೊಣಕಾಲು ನಡೆದವು, ಕಿಡ್ನಿ ಹೋದವು. ರಕ್ತದೊತ್ತಡವೂ ಇತ್ತಂತೆ, ಯಾರೂ ನೋಡಿರಲಿಲ್ಲ.

ಎಡಗೈಯ ನರ ತೀರಾ ಸಣ್ಣದಿತ್ತು. ಹಾಗಾಗಿ ಡಾಕ್ಟರು ಬಲಗೈಯಲ್ಲಿ ನರ ಜೋಡಿಸಿ ಸೂಜಿಗೆ ದಾರಿ ಮಾಡಿದ್ದರು. ಅವಳಿಗೆ ಕಿಟಕಿಯ ಪಕ್ಕದ ಆರನೆಯ ಮಂಚ ಸಿಕ್ಕಿತು. ಐದನೆಯ ಮಂಚದಲ್ಲಿ ಸಂಘಮಿತ್ರಾ ಇದ್ದಳು.

ಸಂಘಮಿತ್ರಾ ದೇವದುರ್ಗದವಳು, ಇಪ್ಪತ್ತೇಳು ವರ್ಷ. ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಬಸುರಿಯಾಗಿ ಏಳನೆಯ ತಿಂಗಳಲ್ಲಿ ರಕ್ತದೊತ್ತಡ ಏರಿ ಮಗು ಹೋಯಿತು, ಅದರ ಬೆನ್ನಿಗೇ ಕಿಡ್ನಿಗಳೂ ಹೋದವು. ಸ್ವಲ್ಪ ದಿನ ತವರಿನಲ್ಲಿ ಇರಲಿ ಎಂದು ಗಂಡನ ಮನೆಯವರು ಕಳಿಸಿಕೊಟ್ಟರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ತಂದೆ ಅಯ್ಯಣ್ಣ ಮೊದಲೇ ತೀರಿಹೋಗಿದ್ದ. ತಾಯಿ ಮಾನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು, ರಜೆ ಸಿಗದು. ಆದ್ದರಿಂದ ಸೋಮವಾರ, ಗುರುವಾರ ಸಂಘಮಿತ್ರಾ ಮೊದಲ ಬಸ್ಸು ಹಿಡಿದು ಒಬ್ಬಳೇ ರಾಯಚೂರಿಗೆ ಬರುತ್ತಿದ್ದಳು. ಬಂದವಳೇ ಎಡಗೈ ಚಾಚಿ ಮಲಗಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ನಾಲ್ಕು ತಾಸಿನಲ್ಲಿ ಅವಳಿಂದ "ಹೂಂ", "ಇಲ್ಲ" ಎಂಬ ಎರಡು ಮಾತು ಬಂದರೆ ಹೆಚ್ಚು.

ಬೂದೆಮ್ಮ ಆರು ವಾರ ಅವಳ ಬೆನ್ನನ್ನೇ ನೋಡಿದಳು. ನಡುವೆ ಎರಡು ಸಲ ಮಾತಾಡಿಸಲು ಹೋಗಿ ಸುಮ್ಮನಾದಳು.

ಒಂದು ಗುರುವಾರ ನಾನು ಒಂದೇ ಬದಿ ಅಚ್ಚಾದ ಹಳೆಯ ರಿಪೋರ್ಟ್ ಹಾಳೆಗಳನ್ನು ಎಸೆಯಲು ಒಯ್ಯುತ್ತಿದ್ದೆ. ಸಂಘಮಿತ್ರಾ ತಾನಾಗಿಯೇ ಕರೆದಳು.

"ಸರ್, ಅದ್ರಾಗ ಒಂದು ಹಾಳಿ ಕೊಡ್ತೀರೇನ್ರಿ?"

ಕೊಟ್ಟೆ. ಊಟದ ಮೇಜನ್ನು ಎಳೆದುಕೊಂಡು ಬಲಗೈ ಒಂದರಿಂದಲೇ ಅದನ್ನು ಮಡಚಲು ನೋಡಿದಳು. ಒಂದು ಅಂಚು ಹಿಡಿದರೆ ಇನ್ನೊಂದು ಜಾರಿತು. ಮೊಣಕೈ ಊರಿ ನೋಡಿದಳು, ಗಲ್ಲದಿಂದ ಒತ್ತಿ ನೋಡಿದಳು. ಹಾಳೆ ನೆಲಕ್ಕೆ ಬಿತ್ತು. ನಾನು ಎತ್ತಿಕೊಡುವಷ್ಟರಲ್ಲಿ ಆರನೆಯ ಮಂಚದಿಂದ ಒಂದು ಕೈ ಚಾಚಿಕೊಂಡು ಬಂತು. ಬೂದೆಮ್ಮನ ಎಡಗೈ.

"ಇಲ್ಲಿ ಇಡು ಬೇ. ನಾ ಹಿಡೀತೀನಿ, ನೀ ಮಡಚು."

ಸಂಘಮಿತ್ರಾಳ ಬಲಗೈ, ಬೂದೆಮ್ಮನ ಎಡಗೈ. ಎರಡು ಮಂಚದ ನಡುವೆ ಮೇಜು ಇಟ್ಟೆ. ಒಬ್ಬಳು ಅಂಚು ಒತ್ತಿ ಹಿಡಿದಳು, ಇನ್ನೊಬ್ಬಳು ಉಗುರಿನಿಂದ ಗೆರೆ ಎಳೆದಳು. ಹಾಳೆ ಮೂರು ಸಲ ಮಡಚಿಕೊಂಡಿತು. ನಡುವೆ ಸೀಳಲು ಬ್ಯಾಂಡೇಜ್ ಕತ್ತರಿ ಕೇಳಿದಳು, ನಾನೇ ಸೀಳಿಕೊಟ್ಟೆ. ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದಾಗ ಹಾಳೆ ಎದ್ದು ನಿಂತು, ಬೆನ್ನು ಕೂಡಿಕೊಂಡು, ಅಂಗೈಯಗಲದ ಎಂಟು ಪುಟದ ಪುಸ್ತಕವಾಯಿತು. ಹೊಲಿಗೆ ಇಲ್ಲ, ಅಂಟು ಇಲ್ಲ.

ಬೂದೆಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಏನಿದು?"

"ಇದಕ್ಕ ಝೀನ್ ಅಂತಾರ ದೊಡ್ಡವ್ವ. ಸಾಲ್ಯಾಗ ಹುಡುಗರ ಕೈಲೆ ಮಾಡಸ್ತಿದ್ದೆ. ಯಾರು ಏನು ಬೇಕಾದ್ರೂ ಬರೀಬಹುದು. ಛಾಪಖಾನಿ ಬ್ಯಾಡ, ಯಾರನ್ನೂ ಕೇಳೂದು ಬ್ಯಾಡ."

"ಜೀನಾ? ಕುದುರಿ ಬೆನ್ನಿಗಿ ಕಟ್ಟತಾರಲ್ಲ, ಅದಾ?"

ಸಂಘಮಿತ್ರಾ ನಕ್ಕಳು. ಎಷ್ಟು ನಕ್ಕಳೆಂದರೆ ಯಂತ್ರದ ಅಲಾರಂ ಹೊಡೆದುಕೊಂಡಿತು. ನಾನು ಓಡಿ ಬಂದು ಕೊಳವೆ ಸರಿಮಾಡಿ, ಇಬ್ಬರನ್ನೂ ಬೈದೆ. ಆ ಹುಡುಗಿಯ ಹಲ್ಲನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹಾಗಾಗಿ ಮೊದಲ ಪುಸ್ತಕದಲ್ಲಿ ಬೂದೆಮ್ಮ ಕುದುರೆ ಬರೆದಳು. ಅದು ಹೆಚ್ಚುಕಡಿಮೆ ಎಮ್ಮೆಯಂತೆ ಇತ್ತು. ಅವಳು ಪೆನ್ನು ಹಿಡಿದವಳಲ್ಲ. ಬಲಗೈಯಲ್ಲೂ ಬರೆದು ಗೊತ್ತಿಲ್ಲದ್ದರಿಂದ ಎಡಗೈಯಲ್ಲಿ ಬರೆಯುವುದು ಅವಳಿಗೆ ಕಷ್ಟವೆನಿಸಲಿಲ್ಲ. ಸಂಘಮಿತ್ರಾ ಪ್ರತಿ ಚಿತ್ರದ ಕೆಳಗೆ ಒಂದೊಂದು ಸಾಲು ಬರೆದಳು. "ಈ ಕುದುರೆ ಹಾಲು ಕೊಡುತ್ತದೆ." ಓದಿ ಹೇಳಿದಾಗ ಬೂದೆಮ್ಮ ಅವಳ ಕೈಗೆ ಮೆಲ್ಲಗೆ ಹೊಡೆದಳು.

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಒಂದು ಪುಸ್ತಕ, ಗುರುವಾರ ಒಂದು. ಹಾಳೆ ನಾನು ಕೊಡುತ್ತಿದ್ದೆ. ಬಣ್ಣದ ಪೆನ್ಸಿಲ್ ಸಂಘಮಿತ್ರಾ ತರುತ್ತಿದ್ದಳು. ಒಂದು ಪುಸ್ತಕ ನನ್ನ ಮೇಲೆಯೇ ಮಾಡಿದರು. ನಾನು ಯಾವಾಗಲೂ ಮಾಸ್ಕ್ ಹಾಕಿಕೊಂಡಿರುವುದರಿಂದ ಇಬ್ಬರೂ ನನ್ನ ಮುಖ ನೋಡಿರಲಿಲ್ಲ. ಪುಟಕ್ಕೊಂದರಂತೆ ನನ್ನ ಮೂಗಿನ ಕೆಳಗೆ ಬೇರೆ ಬೇರೆ ಮೀಸೆ ಬರೆದಿದ್ದರು: ಪೊಲೀಸ್ ಮೀಸೆ, ಹಾಲು ಕುಡಿದ ಬೆಕ್ಕಿನ ಮೀಸೆ, ಕಡ್ಡಿ ಕಸಬರಿಗೆಯಂಥ ಮೀಸೆ. ಕೊನೆಯ ಪುಟದಲ್ಲಿ ಮೀಸೆಯೇ ಇಲ್ಲ. ನನ್ನ ಮೀಸೆ ಯಾವುದೆಂದು ಕೇಳಿ ಪೀಡಿಸಿದರು. ನಾನು ಮಾಸ್ಕ್ ತೆಗೆಯಲಿಲ್ಲ. ತೆಗೆದು ತೋರಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನೊಂದು ನೀರಿನ ಪುಸ್ತಕ. ಬೇಸಿಗೆ ಜೋರಾಗಿದ್ದ ದಿನ, ನಾಲಿಗೆ ಒಣಗಿ ಮಾತಾಡಲೂ ಆಗದೆ ಮಲಗಿದ್ದ ಬೂದೆಮ್ಮ ಒಂದೇ ಸಮನೆ ಬರೆದದ್ದು. ನೀಲಿ ಪೆನ್ಸಿಲ್ ಒಂದೇ ಬೇಕೆಂದಳು. ತಾನು ಬದುಕಿನಲ್ಲಿ ಕುಡಿದ ಒಳ್ಳೆಯ ನೀರೆಲ್ಲ ಅದರಲ್ಲಿತ್ತು. ನಾಟಿ ಹಚ್ಚುವಾಗ ಬದುವಿನ ಮೇಲೆ ತಂಪಾಗಲೆಂದು ಒದ್ದೆ ಬಟ್ಟೆ ಸುತ್ತಿಟ್ಟ ಕೊಡದ ನೀರು. ಕಾಲುವೆಗೆ ಬಗ್ಗಿ ಬೊಗಸೆಯಲ್ಲಿ ಕುಡಿದ ನೀರು. ಮದುವೆಯಾಗಿ ಬಂದ ದಿನ ಅತ್ತೆ ಕೊಟ್ಟ ತಂಬಿಗೆ ನೀರು. ಬಾಣಂತಿಯಾಗಿದ್ದಾಗ ಓಂಕಾಳು ಹಾಕಿ ಕಾಸಿದ ನೀರು. ಏಳನೆಯ ಪುಟದಲ್ಲಿ ಒಂದು ಗೆರೆ ಮಾತ್ರ.

"ಇದೇನು ದೊಡ್ಡವ್ವ?"

"ಮಾಳಗಿ ಸೋರಿದ್ದು. ಸಣ್ಣಾಕಿದ್ದಾಗ ಬಾಯಿ ತಕ್ಕೊಂಡು ಕೆಳಗ ಮಕ್ಕೊಂಡಿದ್ದೆ."

ಸಂಘಮಿತ್ರಾ ಆ ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ. ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು, "ಇದು ನನಗ ಇರಲಿ" ಎಂದು ಬ್ಯಾಗಿನಲ್ಲಿ ಇಟ್ಟುಕೊಂಡಳು.

ಒಮ್ಮೆ ಇಬ್ಬರ ನಡುವೆ ಮಾತು ಮುರಿಯಿತು. ಬೂದೆಮ್ಮ ಒಂದು ಪುಸ್ತಕದ ತುಂಬ ತೊಟ್ಟಿಲು ಬರೆದಿದ್ದಳು. ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಬರೆದದ್ದಲ್ಲ. ಸೊಸೆ ಅನ್ನಪೂರ್ಣಳಿಗೆ ಆಗ ಐದು ತಿಂಗಳು, ಮನೆಯಲ್ಲಿ ಅದೇ ಮಾತು. ಸಂಘಮಿತ್ರಾ ಮೊದಲ ಪುಟ ನೋಡಿದಳು, ಎರಡನೆಯದು ನೋಡಿದಳು, ಪುಸ್ತಕವನ್ನು ಹಲ್ಲಿನಿಂದ ಕಚ್ಚಿ ಬಲಗೈಯಿಂದ ಹರಿದು ಹಾಕಿದಳು. ನಂತರ ಮತ್ತೆ ಗೋಡೆಯ ಕಡೆ ತಿರುಗಿದಳು. ಬೂದೆಮ್ಮನಿಗೆ ಅವಳ ಮಗುವಿನ ಸಂಗತಿ ತಿಳಿದಿರಲಿಲ್ಲ. ನಾನು ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು, "ನನ್ನ ಕೈ ಸುಡ್ಲಿ" ಎಂದಳು.

ಎರಡು ಸರದಿ ಹಾಗೆಯೇ ಹೋದವು. ಮೂರನೆಯ ಸಲ ಬೂದೆಮ್ಮ ಕುರ್ಡಿಯಿಂದಲೇ ಒಂದು ಪುಸ್ತಕ ಮಾಡಿಕೊಂಡು ಬಂದಿದ್ದಳು. ಮಡಿಕೆ ವಾರೆಯಾಗಿತ್ತು, ಒಳಗೆ ಏನೂ ಇರಲಿಲ್ಲ. ಅದನ್ನು ಮೇಜಿನ ಮೇಲಿಟ್ಟು ಐದನೆಯ ಮಂಚದ ಕಡೆ ಸರಿಸಿದಳು.

"ನಾ ಏನೂ ಬರ್ದಿಲ್ಲ ಬೇ. ನೀನ ಬರಿ. ಬರೀಬಾರ್ದು ಅನಸಿದ್ರ ಬಿಡು."

ಸಂಘಮಿತ್ರಾ ತಿರುಗಿದಳು. ಪುಸ್ತಕ ತೆಗೆದುಕೊಂಡಳು. ಅದರಲ್ಲಿ ಏನು ಬರೆದಳೋ ನನಗೆ ತಿಳಿಯದು, ನಾನು ಕೇಳಲಿಲ್ಲ. ಅವತ್ತು ಇಬ್ಬರೂ ಪಿಸುಮಾತಿನಲ್ಲಿ ಬಹಳ ಹೊತ್ತು ಮಾತಾಡಿದರು. ಬೂದೆಮ್ಮ ತನ್ನ ಎಡಗೈಯನ್ನು ಅವಳ ಮಂಚದ ಮೇಲೆಯೇ ಇಟ್ಟಿದ್ದಳು.

ಹೀಗೆ ಒಂದು ವರ್ಷದ ಮೇಲೆ ಎರಡು ತಿಂಗಳು. ಆಮೇಲೆ ಒಳ್ಳೆಯ ಸುದ್ದಿಯೊಂದು ಬಂತು. ಸಂಘಮಿತ್ರಾಳಿಗೆ ದೇವದುರ್ಗದಲ್ಲೇ ಡಯಾಲಿಸಿಸ್ ಸರದಿ ಸಿಕ್ಕಿತ್ತು. ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಿ ಬರುವ ನಾಲ್ಕು ತಾಸಿನ ಬಸ್ಸು ತಪ್ಪುತ್ತದೆ, ಸೂಜಿ ತೆಗೆದ ಮೇಲೆ ತಲೆ ಸುತ್ತುತ್ತಾ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದು ತಪ್ಪುತ್ತದೆ. ಬೇಡ ಎನ್ನಲು ಕಾರಣವೇ ಇರಲಿಲ್ಲ. ಆದರೂ ಅವಳು ನನ್ನನ್ನು ಕೇಳಿದಳು.

"ಬ್ಯಾಡ ಅಂದ್ರ ಏನಾಗ್ತದ ಸರ್?"

ನಾನು ಉತ್ತರಿಸುವ ಮೊದಲೇ ಬೂದೆಮ್ಮ ಹೇಳಿದಳು. "ಹುಚ್ಚಿ ಏನು ನೀ? ಹೋಗು. ಬಸ್ಸಿನ್ಯಾಗ ಕುಂತು ಕುಂತು ಅರ್ಧ ಸತ್ತೀದಿ. ಹೋಗಿ ನಿಮ್ಮವ್ವನ ಕೈಯಾಗಿನ ಬಿಸಿ ರೊಟ್ಟಿ ತಿನ್ನು."

ಕೊನೆಯ ದಿನ ಅವರು ಪುಸ್ತಕ ಮಾಡಲಿಲ್ಲ. ಮಾಡೋಣವೆಂದು ಹಾಳೆ ತೆಗೆದಿಟ್ಟುಕೊಂಡಿದ್ದರು, ಅದು ಮೇಜಿನ ಮೇಲೆಯೇ ಉಳಿಯಿತು. ಅಲ್ಲಿಯವರೆಗಿನ ಪುಸ್ತಕಗಳನ್ನು ಬೂದೆಮ್ಮ ಅವಳ ಬ್ಯಾಗಿಗೇ ಹಾಕಿದಳು. ಹೋಗುವಾಗ ಸಂಘಮಿತ್ರಾ ಬೂದೆಮ್ಮನ ಕಾಲು ಮುಟ್ಟಲು ಬಾಗಿದಳು. ಬೂದೆಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, "ನೀರು ಬಹಳ ಕುಡೀಬ್ಯಾಡವ್ವ" ಎಂದಳು. ಆ ಮಾತನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ, ಅವಳು ಹೇಳಿದಾಗ ಅದು ಬೇರೆ ಮಾತಿನಂತೆ ಕೇಳಿಸಿತು.

ಆಮೇಲೆ ಪುಸ್ತಕಗಳು ಬಸ್ಸಿನಲ್ಲಿ ಓಡಾಡಿದವು. ದೇವದುರ್ಗದ ಬಸ್ಸಿನ ಕಂಡಕ್ಟರ್ ಸಿದ್ರಾಮನಿಗೆ ಸಂಘಮಿತ್ರಾಳ ಪರಿಚಯವಿತ್ತು. ವಾರಕ್ಕೊಮ್ಮೆ ಅವಳು ಖಾಲಿ ಪುಸ್ತಕಗಳನ್ನು ಮಡಚಿ ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದಳು. ಬೂದೆಮ್ಮ ಮಂಚದ ಮೇಲೆ ಮಲಗಿ ಎಡಗೈಯಿಂದ ಚಿತ್ರ ಬರೆದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಸಿದ್ರಾಮನಿಗೆ ಕೊಡುತ್ತಿದ್ದೆ. ಮುಂದಿನ ವಾರ ಸಂಘಮಿತ್ರಾಳ ಅಕ್ಷರದೊಂದಿಗೆ ಅದು ತಿರುಗಿ ಬರುತ್ತಿತ್ತು. ನಾನು ಓದಿ ಹೇಳುತ್ತಿದ್ದೆ. ಪಕ್ಕದ ಐದನೆಯ ಮಂಚಕ್ಕೆ ಹಸೀನಾ ಬೇಗಂ ಎಂಬ ಮುದುಕಿ ಬಂದಿದ್ದರು. ಸೂಜಿ ಚುಚ್ಚಿದ ಕೂಡಲೇ ನಿದ್ದೆ ಹೋಗುವವರು, ಒಳ್ಳೆಯ ಮನುಷ್ಯರು. ಬೂದೆಮ್ಮ ಅವರ ಗೊರಕೆಯ ಮೇಲೂ ಒಂದು ಪುಸ್ತಕ ಮಾಡಿ ಕಳಿಸಿದಳು.

ಐದು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ವಾರ ಲಕೋಟೆ ಬರಲಿಲ್ಲ. ಮರುವಾರವೂ ಇಲ್ಲ. ಮೂರನೆಯ ವಾರ ಸಿದ್ರಾಮ ನಾನು ಕೊಟ್ಟಿದ್ದ ಗೊರಕೆಯ ಪುಸ್ತಕವನ್ನೇ ವಾಪಸು ತಂದ.

"ಯಾರೂ ತೊಗೊಳ್ಳಾಕ ಬರಲಿಲ್ರಿ. ಎರಡು ಸಲ ಸ್ಟ್ಯಾಂಡಿನ್ಯಾಗ ಕಾದೆ."

ನಾನು ದೇವದುರ್ಗದ ವಿಭಾಗಕ್ಕೆ ಫೋನ್ ಮಾಡಿದೆ. ಅಲ್ಲಿ ಕೆಲಸ ಮಾಡುವ ಹುಡುಗಿ ನನಗೆ ಗೊತ್ತಿದ್ದವಳು. ಸಂಘಮಿತ್ರಾ ಹದಿನಾರು ದಿನಗಳ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಮನೆಯಲ್ಲಿ ತಲೆ ಬಾಚಿಕೊಳ್ಳುತ್ತಾ ಕೂತಲ್ಲೇ ಒರಗಿದಳಂತೆ. ಹೃದಯ ನಿಂತಿತ್ತು. ನಮ್ಮ ರೋಗಿಗಳಲ್ಲಿ ಹೀಗಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮರುದಿನ ಅವಳ ಸರದಿ ಇತ್ತು.

ಅವತ್ತು ಗುರುವಾರ. ಬೂದೆಮ್ಮನಿಗೆ ಆಗಲೇ ಯಂತ್ರ ಹಚ್ಚಿಯಾಗಿತ್ತು. ಸೂಜಿ ಇರುವಾಗ ಇಂಥ ಸುದ್ದಿ ಹೇಳಬಾರದು, ರಕ್ತದೊತ್ತಡ ಕುಸಿಯುತ್ತದೆ. ಉಳಿದ ಮೂರು ತಾಸು ನಾನು ಅವಳ ಮಂಚದ ಕಡೆ ಹೋಗದೆ ಬೇರೆಯವರನ್ನು ನೋಡಿಕೊಂಡೆ. ಅವಳು ಎರಡು ಸಲ ಕೂಗಿ ಕೇಳಿದಳು.

"ನಾಗೇಶಪ್ಪಾ, ಲಕೋಟಿ ಬಂತೇನು?"

"ಇನ್ನೂ ಇಲ್ಲ ಯವ್ವಾ."

ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಸ್ಟೂಲಿನ ಮೇಲೆ ಕೂತು ಹೇಳಿದೆ. ಬೂದೆಮ್ಮ ಅಳಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು.

"ಎಷ್ಟು ದಿನಾತು ಅಂದಿ?"

"ಹದಿನಾರು."

"ಹಂಗಾರ ನಾ ಗೊರಕಿ ಪುಸ್ತಕ ಬರ್ಯಾಕತ್ತಿದ್ದಾಗ ಆಕಿ ಇರಲಿಲ್ಲೇನು?"

ನಾನು ದಿನ ಎಣಿಸಿ ನೋಡಿದೆ. ಇರಲಿಲ್ಲ. ಹೌದೆಂದು ತಲೆಯಾಡಿಸಿದೆ. ಆಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಗ್ಕೋಂತ ಬರ್ದ್ನಲ್ಲೋ ಯಪ್ಪಾ" ಎಂದಳು. ಹೊರಗೆ ಕಾಯುತ್ತಿದ್ದ ಹುಲಗಪ್ಪ ಬಂದು ಎಬ್ಬಿಸುವವರೆಗೂ ಮಂಚ ಬಿಟ್ಟು ಏಳಲಿಲ್ಲ.

ಎರಡು ವಾರದ ನಂತರ ತಾನು ದೇವದುರ್ಗಕ್ಕೆ ಹೋಗಬೇಕೆಂದು ಹಟ ಹಿಡಿದಳು. ಹುಲಗಪ್ಪನಿಗೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ರಜೆ ಇರಲಿಲ್ಲ. ಭಾನುವಾರ ನನಗೆ ಬಿಡುವು ಇತ್ತು, ಮನೆಯ ವಿಳಾಸ ಹಳೆಯ ಫೈಲಿನಲ್ಲಿತ್ತು. ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು, ಈ ಊರು ಯಾವುದು, ಆ ಊರು ಯಾವುದು ಎಂದು ಕೇಳುತ್ತಲೇ ಇದ್ದಳು. "ಇಷ್ಟು ದೂರಲಿಂದ ಬರ್ತಿದ್ಳಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಮನೆ ಚಿಕ್ಕದು, ಎರಡು ಕೋಣೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಯ್ಯಣ್ಣನ ಫೋಟೋ, ಅದರ ಪಕ್ಕ ಹೊಸದಾಗಿ ಕಟ್ಟು ಹಾಕಿಸಿದ ಸಂಘಮಿತ್ರಾಳದು. ಮಾನಮ್ಮ ನಮ್ಮನ್ನು ಮೊದಲು ಆಸ್ಪತ್ರೆಯಿಂದ ಯಾವುದೋ ಕಾಗದಕ್ಕಾಗಿ ಬಂದವರೆಂದು ತಿಳಿದಳು. ಬೂದೆಮ್ಮ ತನ್ನ ಬಲಗೈಯ ಸೆರಗು ಸರಿಸಿ ಉಬ್ಬಿದ ನರ ತೋರಿಸಿದಾಗ ಅವಳಿಗೆ ಅರ್ಥವಾಯಿತು.

"ನೀವೇನ್ರಿ, ದೊಡ್ಡವ್ವ ಅಂತಿದ್ಳು... ಕುರ್ಡಿಯಾಕಿ?"

"ನಾನ."

ಮಾನಮ್ಮ ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದು ಚಾಪೆಯ ಮೇಲೆ ಬಗ್ಗಿಸಿದಳು. ಪುಸ್ತಕಗಳು. ಎಣಿಸಲಿಲ್ಲ, ಎಂಬತ್ತಕ್ಕೂ ಹೆಚ್ಚಿದ್ದವು. "ಮನ್ಯಾಗ ಕುಂತು ಹಾಳಿ ಮಡಚೂಕಿ. ಏನು ಅಂದ್ರ ಹೇಳತಿದ್ದಿಲ್ಲ. ನನಗ ಓದಾಕ ಬರಂಗಿಲ್ಲ. ಇದರಾಗ ಏನದ ಹೇಳ್ರಿ" ಎಂದಳು.

ನಾವು ಕೂತೆವು. ಅಕ್ಷರ ನಾನು ಓದಿದೆ. ಚಿತ್ರ ಬೂದೆಮ್ಮ ಹೇಳಿದಳು. ಹಾಲು ಕೊಡುವ ಕುದುರೆ, ನನ್ನ ಮೀಸೆಗಳು, ಬಸ್ಸಿನಲ್ಲಿ ಕೋಳಿ ಹಿಡಿದುಕೊಂಡು ನಿದ್ದೆ ಮಾಡಿದವನು, ಸಂಘಮಿತ್ರಾಳ ತರಗತಿಯ ಹುಡುಗರು ಜೇಬಿನಲ್ಲಿ ಏನೇನು ಬಚ್ಚಿಟ್ಟುಕೊಳ್ಳುತ್ತಾರೆ ಎಂಬುದರ ಪಟ್ಟಿ. ಪ್ರತಿ ಪುಸ್ತಕಕ್ಕೂ, "ಇಲ್ಲಿ ಆಕಿ ಹಿಂಗಂದ್ಳು, ನಾ ಹಿಂಗಂದೆ" ಎಂದು ಬೂದೆಮ್ಮ ಬಿಡಿಸಿ ಹೇಳಿದಳು. ಮಾನಮ್ಮ ಕೈಕಟ್ಟಿ ಕೂತು ಕೇಳಿದಳು. ನಡುವೆ ಒಂದೇ ಪ್ರಶ್ನೆ.

"ನಗತಿದ್ಳೇನು?"

"ನಗತಿದ್ಳು. ಮಿಷಿನ್ ಬಡಕೋಳೂ ಹಂಗ ನಗತಿದ್ಳು."

"ಮನ್ಯಾಗ ನಗಲಿಲ್ಲ" ಎಂದಳು ಮಾನಮ್ಮ. "ಎರಡು ವರ್ಷ ಆತು. ನಾ ಏನರ ತಪ್ಪು ಮಾಡೀನೇನು, ಗಂಡನ ಮನೀಗಿ ಕೊಟ್ಟಿದ್ದು ನನ್ನ ತಪ್ಪೇನು ಅಂತ ದಿನಾ ಅನಸ್ತಿತ್ತು. ಅಲ್ಲಿ ನಗತಿದ್ಳು ಅಂದ್ರ..." ಅವಳಿಗೆ ಸಮಾಧಾನವಾಯಿತೋ, ಇನ್ನಷ್ಟು ನೋವಾಯಿತೋ ನನಗೆ ತಿಳಿಯಲಿಲ್ಲ.

ರಾಶಿಯ ತಳದಲ್ಲಿ ಬೂದೆಮ್ಮ ನೋಡದ ಪುಸ್ತಕವೊಂದಿತ್ತು. ಚಿತ್ರವಿಲ್ಲ. ಎರಡು ಪುಟಗಳಲ್ಲಿ ಮಾತ್ರ ಸಂಘಮಿತ್ರಾಳ ಅಕ್ಷರ, ಉಳಿದದ್ದು ಖಾಲಿ. ಏನಿದೆ ಎಂದು ನೋಡದೆ ನಾನು ಗಟ್ಟಿಯಾಗಿ ಓದತೊಡಗಿದೆ. ಮೊದಲ ಪುಟ ಹೀಗಿತ್ತು: "ನಮ್ಮವ್ವ ನನ್ನ ಮುಂದೆ ನೀರು ಕುಡಿಯುವುದಿಲ್ಲ." ಎರಡನೆಯ ಪುಟ: "ಅಡುಗೆಮನೆ ಬಾಗಿಲ ಹಿಂದೆ ಹೋಗಿ ಕುಡಿಯುತ್ತಾಳೆ. ಗುಟುಕು ನುಂಗುವ ಸದ್ದು ನನಗೆ ಕೇಳಿಸುತ್ತದೆ. ಕೇಳಿಸಿಲ್ಲ ಎಂಬಂತೆ ಇರುತ್ತೇನೆ."

ಓದಿದ ಮೇಲೆ ಓದಬಾರದಿತ್ತು ಅನ್ನಿಸಿತು. ಮಾನಮ್ಮ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ಅದೇ ಎರಡು ಪುಟಗಳನ್ನು ನೋಡಿದಳು. ಆಮೇಲೆ ಅತ್ತಳು. ಬೂದೆಮ್ಮ ಸರಿದು ಅವಳನ್ನು ಅಪ್ಪಿಕೊಂಡಳು. ಸೂಜಿಯ ಕೈ ಭಾರ ಹೊರಬಾರದು ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಬಾಗಿಲ ಹೊರಗೆ ಹೋಗಿ ನಿಂತೆ.

ಹೊರಡುವಾಗ ಮಾನಮ್ಮ ಬೂದೆಮ್ಮನ ಪುಸ್ತಕಗಳನ್ನು ಕಟ್ಟಿ ಕೊಡಲು ಬಂದಳು. ಬೂದೆಮ್ಮ ತೆಗೆದುಕೊಳ್ಳಲಿಲ್ಲ. "ಮತ್ತ ಬಂದು ಹೇಳ್ತೀನಿ, ಇನ್ನೂ ಬಹಳ ಉಳಿದಾವು" ಎಂದಳು.

ಆದರೆ ಮತ್ತೆ ಹೋಗಲು ಆಗಲಿಲ್ಲ. ಆ ಮಳೆಗಾಲದಲ್ಲೇ ಅವಳ ಉಸಿರು ಕಟ್ಟತೊಡಗಿತು, ವಾರಕ್ಕೆ ಎರಡರ ಬದಲು ಮೂರು ಸರದಿಯಾಯಿತು. ಕುರ್ಡಿಯಿಂದ ರಾಯಚೂರಿಗೆ ಬಂದು ಹೋಗುವುದೇ ಅವಳ ಬದುಕಾಯಿತು. ಮಾನಮ್ಮ ಮಾತ್ರ ಒಮ್ಮೆ ದಸರಾ ರಜೆಯಲ್ಲಿ ರಾಯಚೂರಿಗೆ ಬಂದಳು. ನಿಯಮ ಮುರಿದು ಒಳಗೆ ಬಿಟ್ಟೆ. ಮಗಳು ಮಲಗುತ್ತಿದ್ದ ಮಂಚ ನೋಡಿದಳು. ಅದರ ಮೇಲೆ ಹಸೀನಾ ಬೇಗಂ ನಿದ್ದೆ ಮಾಡುತ್ತಿದ್ದರು. ಬೂದೆಮ್ಮನ ಕಾಲ ಬಳಿ ಅರ್ಧ ತಾಸು ಕೂತು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು.

ಬೂದೆಮ್ಮ ಆಮೇಲೆ ಪುಸ್ತಕ ಮಾಡಲಿಲ್ಲ. ನಾನು ಎರಡು ಮೂರು ಸಲ ಹಾಳೆ ಮಡಚಿ ಕೊಟ್ಟೆ. ತೆಗೆದುಕೊಂಡು ದಿಂಬಿನ ಕೆಳಗೆ ಇಡುತ್ತಿದ್ದಳು, ಹೋಗುವಾಗ ಮರೆತು ಹೋಗುತ್ತಿದ್ದಳು. ಮೊಮ್ಮಗಳು ಹುಟ್ಟಿದ್ದಳು. ಅವಳ ಮಾತು ಆಡುತ್ತಿದ್ದಳು, ಗದ್ದೆಯ ಮಾತು ಆಡುತ್ತಿದ್ದಳು, ನನಗೆ ಹೆಣ್ಣು ನೋಡುವ ಮಾತು ಆಡುತ್ತಿದ್ದಳು. ತಮಾಷೆಯೂ ಮಾಡುತ್ತಿದ್ದಳು. ಪೆನ್ಸಿಲ್ ಮಾತ್ರ ಮುಟ್ಟಲಿಲ್ಲ. ಒಮ್ಮೆ ನಾನೇ ಕೇಳಿದೆ.

"ಬ್ಯಾಸರಾತೇನು ಯವ್ವಾ?"

"ಬ್ಯಾಸರಲ್ಲಪ್ಪ. ಏನು ಬರೀಲಿ ಅಂತ ಕೇಳಾಕ ಯಾರಿಲ್ಲ."

ಇನ್ನೂ ಹದಿನಾಲ್ಕು ತಿಂಗಳು ಅವಳು ಬದುಕಿದ್ದಳು. ಕಳೆದ ವರ್ಷ, ಕಾಲುವೆಗೆ ನೀರು ಬಿಟ್ಟು ಎಲ್ಲ ಕಡೆ ನಾಟಿ ನಡೆದಿದ್ದಾಗ, ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಹುಲಗಪ್ಪನ ಫೋನ್ ಬಂತು. "ಸರ, ಇವತ್ತು ಅವ್ವ ಬರಂಗಿಲ್ರಿ" ಎಂದ. ಹಿಂದೆ ಹೆಂಗಸರು ಅಳುವುದು ಕೇಳಿಸುತ್ತಿತ್ತು.

ಆ ದಿನ ಆರನೆಯ ಮಂಚವನ್ನು ಖಾಲಿ ಬಿಡಬಹುದಿತ್ತು. ಆದರೆ ನಮ್ಮಲ್ಲಿ ಕಾಯುವವರ ಪಟ್ಟಿ ಯಾವಾಗಲೂ ಉದ್ದ. ಒಂಬತ್ತು ಗಂಟೆಗೆ ನಾನು ಪಟ್ಟಿಯ ಮೊದಲ ಹೆಸರಿಗೆ ಫೋನ್ ಮಾಡಿದೆ. ಯರಗೇರಾದ ಗುಲ್ಫಶಾ, ಮೂವತ್ತೊಂದು ವರ್ಷ, ಆರು ತಿಂಗಳಿಂದ ಸರದಿಗಾಗಿ ಕಾಯುತ್ತಿದ್ದವಳು. ಜಾಗ ಸಿಕ್ಕಿದೆ, ಇವತ್ತೇ ಬನ್ನಿ ಎಂದಾಗ ಆಚೆಯಿಂದ ಅವಳು ದೇವರ ಹೆಸರು ಹೇಳಿ ಅತ್ತಳು, ನನಗೆ ಮತ್ತೆ ಮತ್ತೆ ಒಳ್ಳೆಯದಾಗಲಿ ಎಂದಳು. ಬರುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ತರಲು ಹೇಳಿ ಫೋನ್ ಇಟ್ಟೆ. ಹನ್ನೊಂದಕ್ಕೆ ತಮ್ಮನ ಜೊತೆ ಬಂದಳು. ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿದಳು, ತೋರಿಸಿದೆ.